ನಮ್ಮ ಪದ್ಮಿನಿಯ ಜೀರ್ಣೋದ್ಧಾರ

ಹಳೆಯ ಕಾರನ್ನು ಮನೆಯಲ್ಲಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ: ಇದನ್ನು ಎಲ್ಲಿಯವರೆಗೆ ರಿಪೇರಿ ಮಾಡಿಸುವುದು? ಓಡಿದರೆ ಸಾಕು ಎನ್ನುವವರು ಒಂದು ಕಡೆ, ಷೋರೂಮಿನಿಂದ ಇಳಿದ ದಿನ ಹೇಗಿತ್ತೋ ಹಾಗೆಯೇ ಆಗಬೇಕು ಎನ್ನುವವರು ಇನ್ನೊಂದು ಕಡೆ, ಗುಜರಿಗೆ ಹಾಕಿ ನಿಶ್ಚಿಂತರಾಗಿ ಎನ್ನುವವರು ಮತ್ತೊಂದು ಕಡೆ. ಈ ಮೂರು ಪಕ್ಷದವರೂ ನಮ್ಮ ಕುಟುಂಬದಲ್ಲಿಯೇ ಇದ್ದಾರೆ ಎಂಬುದು ಬಂಧುಗಳಿಗೆ ತಿಳಿದ ವಿಷಯ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರು ಈ ಕಾರನ್ನು ಬಲ್ಲರು. ಸಿಕ್ಕಾಗಲೆಲ್ಲ ನನ್ನ ಆರೋಗ್ಯ ವಿಚಾರಿಸಿದ ಮರುಕ್ಷಣವೇ "ಸರ್, ಆ ಫಿಯಟ್ ಇನ್ನೂ ಇದೆಯಾ?" ಎಂದು ಕೇಳುತ್ತಾರೆ. ಇದೆ. ಹೇಗಿದೆ, ಅದಕ್ಕೆ ಏನೇನು ಮಾಡಿಸಿದೆ, ಏನನ್ನು ಮಾಡಿಸಲಿಲ್ಲ ಎಂಬುದನ್ನು ಈ ಸಲ ಸಾವಕಾಶವಾಗಿ ಬರೆಯುತ್ತೇನೆ.

ಮೊದಲು ಅದರ ಕುಲಗೋತ್ರ. ನಮ್ಮ ಅಣ್ಣ 1983ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಅದು. ಆ ದಿನಗಳಲ್ಲಿ ನಮ್ಮಂಥವರ ಕಣ್ಣಿಗೆ ಕಾರು ಎಂದರೆ ಎರಡೇ, ಅಂಬಾಸಿಡರ್ ಮತ್ತು ಫಿಯಟ್. ಹಣವಿದ್ದರೂ ಕಾರು ಸಿಗುತ್ತಿರಲಿಲ್ಲ; ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅಣ್ಣ ಹಾಗೆ ಕಾದು ಕಾದು ಗಾಡಿ ತಂದ ವರ್ಷದ ಡಿಸೆಂಬರಿನಲ್ಲಿಯೇ ಮಾರುತಿ 800 ಬಂದಿತು! "ಇನ್ನಾರು ತಿಂಗಳು ತಡೆದಿದ್ದರೆ" ಎಂದು ಅವನನ್ನು ಅಣಕಿಸದವರಿಲ್ಲ. ಅವನು ಮಾತ್ರ ಒಂದು ದಿನವೂ ಹಾಗೆ ಹಲುಬಿದವನಲ್ಲ. ಇಟಲಿಯಲ್ಲಿ 1953ರಲ್ಲಿ ರೂಪುಗೊಂಡ ಫಿಯಟ್ 1100ರ ವಂಶದ ಕುಡಿ ಈ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ '1100 ಡಿಲೈಟ್' ಎಂಬ ಹೆಸರಿನಲ್ಲಿ ಹೊರಬಂದ ಗಾಡಿ 1970ರ ದಶಕದಲ್ಲಿ ಚಿತ್ತೋರದ ರಾಣಿಯ ಹೆಸರನ್ನು ಪಡೆಯಿತು. 2000ದ ಸುಮಾರಿಗೆ ಅದರ ತಯಾರಿಕೆಯೇ ನಿಂತುಹೋಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಸರಿದಾಗ ಪತ್ರಿಕೆಗಳೆಲ್ಲ ಬರೆದಿದ್ದವು. 1089 ಸಿ.ಸಿ. ಎಂಜಿನ್ನು, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಕೋಲು. ಇಂದಿನ ಮಕ್ಕಳು ಆ ಕೋಲನ್ನು ನೋಡಿ ವೈಪರ್ ಸ್ವಿಚ್ಚು ಎಂದು ತಿಳಿಯುತ್ತಾರೆ.

ಅಣ್ಣ 2009ರಲ್ಲಿ ತೀರಿಕೊಂಡ ಮೇಲೆ ಗಾಡಿ ನನ್ನ ಬಳಿಗೆ ಬಂದಿತು. ಅದರ ಜೊತೆಗೆ ಅವನ ಲೆಕ್ಕದ ಪುಸ್ತಕವೂ ಬಂದಿತು. ಹಾಕಿಸಿದ ಪ್ರತಿ ಲೀಟರು ಪೆಟ್ರೋಲು, ಬದಲಾಯಿಸಿದ ಪ್ರತಿಯೊಂದು ಫ್ಯಾನ್ ಬೆಲ್ಟು, ಯಾವ ಊರಿನ ಯಾವ ಗ್ಯಾರೇಜು, ಎಷ್ಟು ರೂಪಾಯಿ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟ ಉದ್ದನೆಯ ಪುಸ್ತಕ. ನಾನು ಅದನ್ನು ಮುಂದುವರಿಸಿದ್ದೇನೆ, ಪೆನ್ನಿನಲ್ಲಿ. ಅತ್ತಿಗೆ ಈಗ ಶಿವಮೊಗ್ಗದಲ್ಲಿ ನಮ್ಮೊಡನೆಯೇ ಇದ್ದಾರೆ. ತಿಂಗಳಿಗೊಮ್ಮೆ ತೀರ್ಥಹಳ್ಳಿಯ ಕಡೆಯ ಹಳೆಯ ಮನೆಗೆ, ವರ್ಷಕ್ಕೆ ಎರಡು ಮೂರು ಸಲ ಆಗುಂಬೆ ಘಟ್ಟ ಇಳಿದು ಉಡುಪಿಗೆ, ಅವರನ್ನು ಕರೆದೊಯ್ಯುವುದು ಈ ಗಾಡಿಯಲ್ಲಿಯೇ. ಬೇರೆ ಕಾರು ಮನೆಯಲ್ಲಿ ಇಲ್ಲವೆಂದಲ್ಲ. ಹೊಸ ಕಾರುಗಳ ಸೀಟಿನೊಳಗೆ ಹುದುಗಿ ಕುಳಿತರೆ ಏಳುವುದು ಕಷ್ಟ, ಇದಾದರೆ ಕುರ್ಚಿಯಂತೆ ಎತ್ತರ ಎಂಬುದು ಅವರ ವಾದ.

ಕಳೆದ ಮಳೆಗಾಲದ ಕೊನೆಯಲ್ಲಿ ಅದೇ ಅತ್ತಿಗೆ, "ಕಾಲಡಿ ಒದ್ದೆ ಆಗ್ತಾ ಇದೆ ನೋಡು" ಎಂದರು. ಮ್ಯಾಟು ಎತ್ತಿ ನೋಡಿದರೆ ತಳದ ತಗಡಿನಲ್ಲಿ ಎರಡು ಬೆರಳು ತೂರುವಷ್ಟು ತೂತು. ಅದರೊಳಗಿಂದ ರಸ್ತೆ ಕಾಣುತ್ತಿತ್ತು. ಮೇಲ್ನೋಟಕ್ಕೆ ನುಣುಪಾಗಿದ್ದ ಸಿಲ್ಲಿನ ಮೇಲೆ, ಅಂದರೆ ಬಾಗಿಲ ಕೆಳಗಿನ ಹೊಸ್ತಿಲಿನಂಥ ಭಾಗದ ಮೇಲೆ, ನನ್ನ ಹಳೆಯ ಲಾಳಾಕಾರದ ಅಯಸ್ಕಾಂತವನ್ನು ಹಿಡಿದೆ. ಅದು ಕೆಲವೆಡೆ ಗಟ್ಟಿಯಾಗಿ ಅಂಟಿತು, ಕೆಲವೆಡೆ ಜಾರಿ ಬಿದ್ದಿತು. ಜಾರಿದಲ್ಲೆಲ್ಲ ಕಬ್ಬಿಣವಿಲ್ಲ, ಹಿಂದೆಂದೋ ತುಂಬಿದ ಪಟ್ಟಿ ಮಾತ್ರ. ಹಳೆಯ ಕಾರು ಕೊಳ್ಳಹೊರಟವರು ಸಾವಿರಾರು ರೂಪಾಯಿಯ ಉಪಕರಣ ತರಬೇಕಾಗಿಲ್ಲ, ಶಾಲೆಯ ಅಯಸ್ಕಾಂತವೊಂದು ಸಾಕು. ಅದರ ತುದಿಗೆ ತೆಳುವಾದ ಬಟ್ಟೆ ಸುತ್ತಿಕೊಳ್ಳಿ, ಬಣ್ಣಕ್ಕೆ ಗೀರು ಬೀಳುವುದಿಲ್ಲ.

ತುಕ್ಕಿನ ಪಾಠವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಮೂರು ಪ್ರನಾಳ, ಮೂರು ಮೊಳೆ. ಒಂದರಲ್ಲಿ ನೀರು ಮತ್ತು ಗಾಳಿ. ಒಂದರಲ್ಲಿ ಕುದಿಸಿ ಆರಿಸಿದ ನೀರು, ಮೇಲೊಂದು ಪದರ ಎಣ್ಣೆ. ಇನ್ನೊಂದರಲ್ಲಿ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡು ಮತ್ತು ಒಣಗಾಳಿ. ಮೊದಲನೆಯದರಲ್ಲಿ ಮಾತ್ರ ತುಕ್ಕು. ನೀರೂ ಬೇಕು, ಆಮ್ಲಜನಕವೂ ಬೇಕು. ಮಲೆನಾಡಿನಲ್ಲಿ ಕಾರು ಇಟ್ಟವನ ಪಾಡು ಮೊದಲನೆಯ ಪ್ರನಾಳದ ಮೊಳೆಯ ಪಾಡು. ಇದರ ಮೇಲೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಜೀಪಿಗೆ ಕೆಳಗೊಂದು ಪ್ರತ್ಯೇಕ ಛಾಸಿ ಇರುತ್ತದೆ. ಮೈ ತುಕ್ಕು ಹಿಡಿದರೂ ಬೆನ್ನೆಲುಬು ಉಳಿದಿರುತ್ತದೆ. ಫಿಯಟ್ಟಿಗೆ ಹಾಗಿಲ್ಲ. ತಳ, ಸಿಲ್ಲು, ಕಂಬ, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದು ಅದೇ ಅದರ ಎಲುಬಾಗಿದೆ. ಆದ್ದರಿಂದ ತಳದಲ್ಲಿ ತೂತು ಬಿದ್ದರೆ ಅದು ಚಪ್ಪಲಿಯ ತೂತಲ್ಲ, ಮೂಳೆಯ ಸವೆತ. ಜಾಕು ಕೊಟ್ಟಾಗ ಗಾಡಿ ಏಳುವ ಬದಲು ಜಾಕೇ ತಗಡಿನೊಳಗೆ ಇಳಿಯತೊಡಗಿದರೆ ರೋಗ ಎಲ್ಲಿಗೆ ಬಂದಿದೆಯೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ನಮ್ಮದರಲ್ಲಿ ಎಡಗಡೆ ಹಾಗೆಯೇ ಆಯಿತು.

ಸುದ್ದಿ ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ತಲುಪಿತು. ಅವನು ಬೆಂಗಳೂರಿನ ಒಂದು ಗ್ಯಾರೇಜಿನೊಡನೆ ತಾನೇ ಮಾತನಾಡಿ ಅಂದಾಜು ಪಟ್ಟಿ ತರಿಸಿದ. ಗಾಡಿಯನ್ನು ಪೂರ್ತಿ ಬಿಚ್ಚಿ, ಬಣ್ಣವನ್ನೆಲ್ಲ ಕೆರೆದು ಬರಿಯ ತಗಡಿಗೆ ತಂದು, ಹೊಸ ಬಣ್ಣ, ಹೊಸ ಕ್ರೋಮು, ಹೊಸ ಸೀಟು, ರೀಬೋರು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹವಾನಿಯಂತ್ರಣ, ಒಟ್ಟು 5.5 ಲಕ್ಷ ರೂಪಾಯಿ. "ಚಿಕ್ಕಪ್ಪ, ಹಣದ ಯೋಚನೆ ನಿಮಗೆ ಬೇಡ. ಅಮ್ಮನಿಗೆ 80 ತುಂಬುವ ಹೊತ್ತಿಗೆ ಅಪ್ಪ ತಂದ ದಿನ ಹೇಗಿತ್ತೋ ಹಾಗೆ ಅಂಗಳದಲ್ಲಿ ನಿಲ್ಲಬೇಕು" ಎಂದ. ಪ್ರೀತಿಯಿಂದ ಹೇಳಿದ ಮಾತು, ಇಲ್ಲವೆನ್ನುವುದು ಸುಲಭವಲ್ಲ. ನನ್ನ ಶ್ರೀಮತಿಯದು ಬೇರೆಯೇ ಚಿಂತೆ. ಬಣ್ಣ ಹೇಗಾದರೂ ಇರಲಿ, ಸರಿಯಾದ ಬ್ರೇಕೂ ಸೀಟುಬೆಲ್ಟೂ ಇಲ್ಲದೆ ಇನ್ನು ಮುಂದೆ ಘಟ್ಟ ಇಳಿಯುವುದಿಲ್ಲ ಎಂದು ಅವಳು ಖಂಡತುಂಡವಾಗಿ ಹೇಳಿಬಿಟ್ಟಳು.

ಕೆಲವು ದಿನ ನಾನು ಯಾರಿಗೂ ಉತ್ತರ ಕೊಡಲಿಲ್ಲ. ಆ ದಿನಗಳಲ್ಲಿ ಪದೇ ಪದೇ ನೆನಪಾದದ್ದು ನಮ್ಮ ಕಡೆಯ ಒಂದು ಹಳ್ಳಿಯ ದೇವಸ್ಥಾನ. ಜೀರ್ಣೋದ್ಧಾರವೆಂದು ಭಕ್ತರು ಉದಾರವಾಗಿ ಹಣ ಕೊಟ್ಟರು. ಸೋರುತ್ತಿದ್ದ ಮಾಡನ್ನು ಸರಿಪಡಿಸಿದರು, ಒಳ್ಳೆಯದಾಯಿತು. ಹಣ ಇನ್ನೂ ಉಳಿದಿತ್ತು. ಕಲ್ಲಿನ ಕಂಬಗಳಿಗೆ ಎಣ್ಣೆಬಣ್ಣ ಬಳಿದರು. ಇನ್ನೂ ಉಳಿದಿತ್ತು. ಕಾಲುಗಳಿಂದ ನುಣುಪಾಗಿದ್ದ ಹಾಸುಗಲ್ಲುಗಳ ಮೇಲೆ ಟೈಲ್ಸು ಅಂಟಿಸಿದರು. ಈಗ ಆ ಗುಡಿಗೆ ಹೋದರೆ ದೇವರು ಇದ್ದಾನೆ, ಗುಡಿ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಅಲ್ಲಿ ಹಾಳು ಮಾಡಿದ್ದು ಬಡತನವಲ್ಲ, ಉಳಿದ ಹಣ.

'ಮಿಲಿಂದ ಪ್ರಶ್ನ'ದಲ್ಲಿ ಭಿಕ್ಷು ನಾಗಸೇನ ರಾಜನನ್ನು ರಥದ ಬಗ್ಗೆ ಕೇಳುತ್ತಾನೆ: ಚಕ್ರ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು. ಯಾವುದೂ ಅಲ್ಲವೆಂದು ರಾಜ ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮೂರ ತೇರಿನ ಗಾಲಿಗಳೂ ಬದಲಾಗಿವೆ, ಮಿಣಿಹಗ್ಗವೂ ಬದಲಾಗಿದೆ. ಆದರೂ ಅದು ಅದೇ ತೇರು, ಏಕೆಂದರೆ ಪ್ರತಿವರ್ಷ ಎಳೆಯುತ್ತಾರೆ. ಎಳೆಯದೆ ಕೊಟ್ಟಿಗೆಯಲ್ಲಿ ನಿಂತ ತೇರಿಗೆ ಗೆದ್ದಲು ಹಿಡಿಯುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಕಾರುಗಳನ್ನು ನೀವೆಲ್ಲ ನೋಡಿರಬಹುದು. ಅವು ನೋಡುವುದಕ್ಕೆಂದು ಕಾಪಾಡಿದ ಕಾರುಗಳು, ಅಲ್ಲಿ ಹೊಳಪೇ ಧರ್ಮ. ನಮ್ಮ ಪದ್ಮಿನಿ ಅತ್ತಿಗೆಯನ್ನು ತೀರ್ಥಹಳ್ಳಿಗೆ ಕರೆದೊಯ್ಯುವ ಗಾಡಿ. ಅಲ್ಲಿಗೆ ಕ್ಷೇಮವಾಗಿ ಹೋಗಿ ಬರಲು ಏನು ಬೇಕೋ ಅದನ್ನು ಅರೆಮನಸ್ಸಿಲ್ಲದೆ ಮಾಡಿಸುವುದು. ಕೊಳೆಯುವುದನ್ನು ತಡೆಯಲು ಏನು ಬೇಕೋ ಅದನ್ನೂ ಮಾಡಿಸುವುದು. ಒಮ್ಮೆ ಮಾಡಿದರೆ ಹಿಂದಕ್ಕೆ ತರಲಾಗದಂಥ ಅಲಂಕಾರಕ್ಕೆ ಕೈ ಹಾಕದಿರುವುದು. ಹೀಗೆಂದು ಒಂದು ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ತೆಗೆದುಕೊಂಡು ನಮ್ಮ ಮೇಸ್ತ್ರಿಗಳ ಬಳಿಗೆ ಹೋದೆ. ಅವರು ನನ್ನನ್ನು 'ಮೇಷ್ಟ್ರೇ' ಎನ್ನುತ್ತಾರೆ, ನಾನು ಅವರನ್ನು 'ಮೇಸ್ತ್ರಿಗಳೇ' ಎನ್ನುತ್ತೇನೆ. ಹೊಸಬರಿಗೆ ಯಾರು ಯಾರನ್ನು ಕರೆದರೆಂದು ಗೊತ್ತಾಗುವುದಿಲ್ಲ. ಐವತ್ತು ವರ್ಷ ಫಿಯಟ್ ಬಿಚ್ಚಿ ಜೋಡಿಸಿದ ಕೈ ಅವರದು. ಹಾಳೆಯನ್ನು ಓದಿ, "ಬ್ರೇಕಿನಿಂದ ಶುರು ಮಾಡೋಣ ಮೇಷ್ಟ್ರೇ" ಎಂದರು.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು. ಅಂದರೆ ಎಲ್ಲಿಯಾದರೂ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಇಂಥದ್ದರಲ್ಲಿ 'ಸದ್ಯಕ್ಕೆ ಇದು ನಡೆಯುತ್ತದೆ' ಎನ್ನುವ ಮಾತಿಗೆ ಅವಕಾಶವಿಲ್ಲ. ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರುಗಳು, ರಬ್ಬರ್ ಹೋಸುಗಳು, ಲೈನರು ಎಲ್ಲವನ್ನೂ ಬದಲಾಯಿಸಿದೆವು. ಇಲ್ಲಿ ಒಂದು ಎಚ್ಚರಿಕೆ. ಈ ಗಾಡಿಯ ಬಿಡಿಭಾಗಗಳು ಹಳೆಯ ಅಂಗಡಿಗಳಲ್ಲಿ ಮೂಲ ಪೊಟ್ಟಣದಲ್ಲಿಯೇ, ಮುದ್ರೆ ಒಡೆಯದೆ ಸಿಗುವುದುಂಟು. ಲೋಹದ ಭಾಗವಾದರೆ ಕಣ್ಣಿಗೊತ್ತಿಕೊಂಡು ತನ್ನಿ. ರಬ್ಬರಾದರೆ ಬೇಡ, ಕಪಾಟಿನಲ್ಲಿಯೇ ಇಪ್ಪತ್ತೈದು ವರ್ಷ ಕುಳಿತ ರಬ್ಬರು ಹೊಸದಲ್ಲ, ಬಳಸದ ಮುದುಕ. ಟೈರಿನ ಮಾತೂ ಹಾಗೆಯೇ. ಅದರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯ ಎರಡು ವರ್ಷ. ನಮ್ಮ ಟೈರುಗಳ ಗೀರುಗಳು ಇನ್ನೂ ಆಳವಾಗಿಯೇ ಇದ್ದವು, ಆದರೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು. ಕಡಿಮೆ ಓಡುವ ಹಳೆಯ ಕಾರಿನ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ನಾಲ್ಕನ್ನೂ ಬದಲಾಯಿಸಿದೆ. ಬ್ರೇಕ್ ಎಣ್ಣೆಯೂ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ನೀರು ಸೇರಿದರೆ ಅದರ ಕುದಿಬಿಂದು ಇಳಿಯುತ್ತದೆ, ಘಟ್ಟದಲ್ಲಿ ಡ್ರಮ್ಮು ಕಾದಾಗ ಆವಿಯಾಗಿ ಪೆಡಲು ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.

ಡಿಸ್ಕ್ ಬ್ರೇಕು ಹಾಕಿಸಬಾರದೇಕೆ ಎಂದು ಅಣ್ಣನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಬೇರೆ ಕಾರಿನ ಭಾಗಗಳನ್ನು ಕೊಯ್ದು ಬೆಸೆದು ಈ ಗಾಡಿಯ ಮುಂಗಾಲಿಗೆ ಕೂರಿಸುವವರಿದ್ದಾರೆ. ಆ ಬೆಸುಗೆಯನ್ನು ಪರೀಕ್ಷಿಸಿ ಸರಿಯಿದೆಯೆಂದು ಹೇಳುವವರು ಯಾರು? ಗಂಟೆಗೆ 60 ಕಿಲೋಮೀಟರು ಮೀರದೆ, ಆಗುಂಬೆಯ 14 ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿಯುವವನಿಗೆ ಸುಸ್ಥಿತಿಯ ಡ್ರಮ್ ಬ್ರೇಕು ಸಾಕು. ಹೆದ್ದಾರಿಯಲ್ಲಿ 100ರಲ್ಲಿ ಓಡಿಸಬೇಕೆಂದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಗ ಗಾಡಿಯನ್ನೇ ಬೇರೆ ಕೊಳ್ಳಬೇಕಾಗುತ್ತಿತ್ತು.

ತಳದ ಕೆಲಸಕ್ಕೆ ಒಂದು ತಿಂಗಳು ಹಿಡಿಯಿತು. ಟಿಂಕರಿಂಗ್ ಮಾಡುವವನು ಮೂವತ್ತರ ಹರೆಯದ ಹುಡುಗ, ಆದರೆ ಕೆಲಸ ಬಲ್ಲವನು. ತೂತಿನ ಮೇಲೊಂದು ತಗಡು ಹೊದಿಸಿ ಬೆಸೆದುಬಿಟ್ಟರೆ ಎರಡು ದಿನದ ಕೆಲಸ, ಹೆಚ್ಚಿನವರು ಮಾಡುವುದೂ ಅದನ್ನೇ. ಹಾಗೆ ಮಾಡಿದರೆ ಹಳೆಯ ತುಕ್ಕಿಗೂ ಹೊಸ ತಗಡಿಗೂ ನಡುವೆ ನೀರು ಸಿಕ್ಕಿಕೊಂಡು ಎರಡು ಮಳೆಗಾಲದಲ್ಲಿ ಮೊದಲಿಗಿಂತ ದೊಡ್ಡ ತೂತಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ; ಒಳಗೊಳಗೇ ಉಬ್ಬಿ ಬೆಸುಗೆಯನ್ನೇ ಬಿಡಿಸುತ್ತದೆ. ಆದ್ದರಿಂದ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದೆವು. ಸಿಲ್ಲನ್ನು ಕತ್ತರಿಸುವ ಮೊದಲು ಆ ಹುಡುಗ ಗಾಡಿಯ ಕೆಳಗೆ ನಾಲ್ಕು ಕಡೆ ಗೂಟ ಕೊಟ್ಟ. ಬಾಗಿಲುಗಳನ್ನೆಲ್ಲ ಹಾಕಿ, ಸಂದುಗಳ ಅಳತೆಯನ್ನು ಸೀಮೆಸುಣ್ಣದಿಂದ ಅಲ್ಲಲ್ಲಿಯೇ ಗುರುತಿಸಿದ. ಎಲುಬು ಕತ್ತರಿಸಿದಾಗ ಮೈ ನಡುವೆ ಕುಸಿಯುತ್ತದೆ; ಆಮೇಲೆ ಬೆಸೆದರೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರುವುದಿಲ್ಲ. ಬಿ.ಇ. ಓದದ ಆ ಹುಡುಗನಿಗೆ ಇದು ಗೊತ್ತಿತ್ತು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ತಗಡು ಸೊಟ್ಟಗಾಗುತ್ತದೆಂದು ಸಿ.ಓ.ಟು. ವೆಲ್ಡಿಂಗಿನಲ್ಲಿ ಚುಕ್ಕಿ ಚುಕ್ಕಿಯಾಗಿ, ಒಂದು ಕಡೆಯಾದ ಮೇಲೆ ಇನ್ನೊಂದು ಕಡೆ ಬೆಸೆಯುತ್ತ ಹೋದ. ಬೆಸೆದದ್ದರ ಮೇಲೆ ರೆಡ್ ಆಕ್ಸೈಡು, ಸಂಪೂರ್ಣ ಒಣಗಿದ ಮೇಲೆ ಕರಿಯ ಅಂಡರ್‌ಕೋಟಿಂಗು, ಪೆಟ್ಟಿಗೆಯಾಕಾರದ ಭಾಗಗಳೊಳಗೆ ಮೇಣದಂಥ ಎಣ್ಣೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲುಗಳ ಮತ್ತು ಸಿಲ್ಲಿನ ಅಡಿಯಲ್ಲಿ ನೀರು ಹೊರಹೋಗಲೆಂದು ಮೂಲದಲ್ಲಿಯೇ ಇದ್ದ ಸಣ್ಣ ರಂಧ್ರಗಳನ್ನು ತಂತಿ ತೂರಿಸಿ ಬಿಡಿಸಿದ. ಅವುಗಳೊಳಗೆ ಮುಷ್ಟಿಗಟ್ಟಲೆ ಕೆಂಪು ಮಣ್ಣು! ನಲವತ್ತು ವರ್ಷದ ಮಲೆನಾಡಿನ ರಸ್ತೆ ಅದರಲ್ಲಿತ್ತು.

ತಳ ಗಟ್ಟಿಯಾದ ಮೇಲೆಯೇ ಸೀಟುಬೆಲ್ಟಿನ ಮಾತು. ನಮ್ಮ ಗಾಡಿ ಬಂದಾಗ ಅದರಲ್ಲಿ ಬೆಲ್ಟು ಇರಲೇ ಇಲ್ಲ. ಪೇಟೆಯಲ್ಲಿ ಬೆಲ್ಟು ಸಿಗುತ್ತದೆ, ಒಂದು ಮಧ್ಯಾಹ್ನದಲ್ಲಿ ಬೋಲ್ಟು ಹಾಕಿ ಕೂರಿಸಿಯೂ ಕೊಡುತ್ತಾರೆ. ಆದರೆ ಬೆಲ್ಟಿನ ಬಲ ಅದನ್ನು ಹಿಡಿದಿರುವ ತಗಡಿನ ಬಲದಷ್ಟೇ. ತುಕ್ಕು ಹಿಡಿದ ತಳಕ್ಕೆ ಬಿಗಿದ ಬೆಲ್ಟು ಪೊಲೀಸರಿಗೆ ತೋರಿಸಲು ಆದೀತು, ಗುದ್ದಿದಾಗ ಬೋಲ್ಟು ಸಮೇತ ಕಿತ್ತು ಬರುತ್ತದೆ. ನಡುಗಂಬಕ್ಕೆ ಮತ್ತು ತಳಕ್ಕೆ ಒಳಗಿನಿಂದ ದಪ್ಪ ಉಕ್ಕಿನ ಪಟ್ಟಿ ಬೆಸೆಸಿ, ಅದಕ್ಕೆ ಬೋಲ್ಟು ಹಾಕಿಸಿದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಶ್ರೀಮತಿ ಎಳೆದು ನೋಡಿ ತೃಪ್ತಳಾದಳು.

ಪೆಟ್ರೋಲಿನ ವಿಷಯವನ್ನು ಹಳೆಯ ಗಾಡಿಯವರು ಇಂದು ಅಲಕ್ಷಿಸುವಂತಿಲ್ಲ. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20ರಷ್ಟು ಎಥೆನಾಲು ಬೆರೆತ ಪೆಟ್ರೋಲು. ಎಥೆನಾಲು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆದುವಾಗಿಸುತ್ತದೆ, ಟ್ಯಾಂಕಿನ ತಳದಲ್ಲಿ ದಶಕಗಳಿಂದ ಕುಳಿತ ಅಂಟನ್ನು ಕರಗಿಸಿ ತಂದು ಕಾರ್ಬುರೇಟರಿಗೆ ಒಪ್ಪಿಸುತ್ತದೆ. ಟ್ಯಾಂಕು ಇಳಿಸಿ ತೊಳೆಸಿ, ಹೋಸುಗಳನ್ನೂ ಪೆಟ್ರೋಲು ಪಂಪಿನ ಡಯಾಫ್ರಮ್ಮನ್ನೂ ಎಥೆನಾಲು ತಾಳುವಂಥದ್ದಕ್ಕೆ ಬದಲಾಯಿಸಿದೆವು. ಎಥೆನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ನು ಹೆಚ್ಚು ಕಾಯುತ್ತದೆ. ಮೇಸ್ತ್ರಿಗಳು ಒಂದು ಅಳತೆ ದೊಡ್ಡ ಜೆಟ್ಟು ಹಾಕಿದರು. ಹಳೆಯದನ್ನು ಪೊಟ್ಟಣ ಕಟ್ಟಿ ಹೆಸರು ಬರೆದು ಇಟ್ಟಿದ್ದೇನೆ. ಬೇಸಗೆಯಲ್ಲಿ ಪೆಟ್ರೋಲು ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಅಣ್ಣನ ಉಪಾಯ ಈಗ ಮೊದಲಿಗಿಂತ ಹೆಚ್ಚು ಬೇಕಾಗುತ್ತಿದೆ.

ಎಂಜಿನ್ನಿನ ಬಗ್ಗೆ ಬೆಂಗಳೂರಿನ ಅಂದಾಜಿನಲ್ಲಿ ರೀಬೋರು ಎಂದು ಕಣ್ಣುಮುಚ್ಚಿ ಬರೆದಿದ್ದರು. ಶಕ್ತಿ ಕಡಿಮೆಯಾಗಿದ್ದುದು ನಿಜ, ನಿಂತಲ್ಲಿ ಕುಂಟುತ್ತಲೂ ಇತ್ತು. ಆದರೆ ರೀಬೋರು ಎಂದರೆ ಸಿಲಿಂಡರಿನ ಗೋಡೆಯನ್ನು ಕೊರೆದು ಅಗಲ ಮಾಡುವುದು. ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ, ಬ್ಲಾಕು ಅದನ್ನು ಕೆಲವೇ ಸಲ ತಾಳುತ್ತದೆ. ಮೊದಲು ಕಂಪ್ರೆಶನ್ ಅಳೆಯಿರಿ ಎಂದೆ. ಮೂರು ಸಿಲಿಂಡರುಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿದವು, ನಾಲ್ಕನೆಯದು ಬಹಳ ಕಡಿಮೆ. ಅದರೊಳಗೆ ಒಂದು ಚಮಚ ಎಂಜಿನ್ ಆಯಿಲು ಬಿಟ್ಟು ಮತ್ತೆ ಅಳೆದೆವು. ಅಂಕಿ ಏರಿದ್ದರೆ ರಿಂಗು ಸವೆದಿದೆಯೆಂದು ಅರ್ಥ, ಏಕೆಂದರೆ ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಏರಲಿಲ್ಲ. ಹಾಗಾದರೆ ಸೋರಿಕೆ ವಾಲ್ವಿನಲ್ಲಿ. ಹೆಡ್ಡು ಬಿಚ್ಚಿದಾಗ ನಾಲ್ಕನೆಯ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟಿತ್ತು, ಅದರ ಸೀಟು ಕುಳಿಬಿದ್ದಿತ್ತು. ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್ನು ಇದು. ಆ ಸೀಸವೇ ವಾಲ್ವಿನ ಸೀಟಿಗೆ ಮೆತ್ತೆಯಂತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು, ಮಕ್ಕಳ ಮೆದುಳಿಗೆ ಅದು ದೊಡ್ಡ ಉಪಕಾರ. ಗಟ್ಟಿ ಲೋಹದ ಹೊಸ ಸೀಟು ಕೂರಿಸಿ, ವಾಲ್ವು ಬದಲಾಯಿಸಿ, ಗ್ರೈಂಡಿಂಗ್ ಮಾಡಿಸಿದೆವು. ಪಿಸ್ಟನ್ನುಗಳನ್ನು ಮುಟ್ಟಲಿಲ್ಲ. ಒಂದು ಚಮಚ ಎಣ್ಣೆಯಿಂದ ಒಂದು ರೀಬೋರು ಉಳಿಯಿತು.

ಪ್ಲಾಟಿನಂ ಪಾಯಿಂಟು ಮತ್ತು ಕಂಡೆನ್ಸರಿನ ವಿಷಯದಲ್ಲಿ ಮಾತ್ರ ನನ್ನ ಹಾಳೆಯ ನಿಯಮ ಸುಲಭವಾಗಿ ಉತ್ತರ ಕೊಡಲಿಲ್ಲ. ಅವನ್ನು ಉಳಿಸಿಕೊಳ್ಳಬೇಕು, ದಾರಿಯಲ್ಲಿ ಕೆಟ್ಟರೆ ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಉಜ್ಜಿ ಸರಿಮಾಡುತ್ತಾನೆ ಎಂಬುದು ಹಳೆಯ ಫಿಯಟ್ಟಿನವರ ವೇದವಾಕ್ಯ. ಅದು ಇಂದು ನಿಜವಲ್ಲ. ಎರಡು ವರ್ಷದ ಹಿಂದೆ ದಾರಿಯಲ್ಲಿ ಗಾಡಿ ನಿಂತಾಗ ಬಂದ ತರುಣ ಮೆಕ್ಯಾನಿಕ್ಕು ಬಾನೆಟ್ಟು ಎತ್ತುವ ಮೊದಲೇ ಸ್ಕ್ಯಾನರು ಚುಚ್ಚುವ ಕಿಂಡಿ ಎಲ್ಲಿದೆ ಎಂದು ಸ್ಟಿಯರಿಂಗಿನ ಕೆಳಗೆ ತಡಕಾಡುತ್ತಿದ್ದ. ಅವನ ತಪ್ಪೇನೂ ಇಲ್ಲ. ಈಗ ಸಿಗುವ ಕಂಡೆನ್ಸರುಗಳ ಗುಣಮಟ್ಟವೂ ನಂಬುವಂತಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೇ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ಏನನ್ನೂ ಕೊರೆಯಬೇಕಾಗಲಿಲ್ಲ, ಎರಡು ಸ್ಕ್ರೂ ಬಿಚ್ಚಿದರೆ ಹಳೆಯ ತಟ್ಟೆ ಮತ್ತೆ ಕೂರುತ್ತದೆ. ಆ ತಟ್ಟೆ ಡಿಕ್ಕಿಯಲ್ಲಿದೆ. ಹವಾನಿಯಂತ್ರಣಕ್ಕೆ ಹಾಗಲ್ಲ, ಡ್ಯಾಶ್‌ಬೋರ್ಡನ್ನು ಕತ್ತರಿಸಬೇಕು, 40 ಅಶ್ವಶಕ್ತಿಯಲ್ಲಿ ಅದಕ್ಕೂ ಪಾಲು ಕೊಡಬೇಕು. ಕಿಟಕಿಯ ತ್ರಿಕೋನದ ಗಾಜು ತಿರುಗಿಸಿದರೆ ಮೈಮೇಲೆ ಗಾಳಿ ಬರುತ್ತದೆ.

ಉಳಿದದ್ದು ಬಣ್ಣ. ಅಣ್ಣನ ಮಗನಿಗೆ ನೋವಾದದ್ದು ಇಲ್ಲಿಯೇ. ಗಾಡಿಯ ಕೆನೆಬಣ್ಣ ಅಲ್ಲಲ್ಲಿ ಸುಣ್ಣದಂತಾಗಿದೆ. ಚಾಲಕನ ಬಾಗಿಲಿನ ಕೆಳಭಾಗದಲ್ಲಿ ಒಂದು ಮೊಳ ಉದ್ದಕ್ಕೆ ಸ್ವಲ್ಪ ಹಳದಿ ಹೆಚ್ಚಾದ ಪಟ್ಟೆಯಿದೆ, ಹತ್ತಿರದಿಂದ ನೋಡಿದರೆ ಬ್ರಶ್ಶಿನ ಗೆರೆಗಳು ಕಾಣುತ್ತವೆ. ಅಡಿಕೆ ಚೀಲ ಇಳಿಸುವಾಗ ಗೀರಿದ್ದಕ್ಕೆ ಅಣ್ಣ ಅಂಗಡಿಯಿಂದ ಡಬ್ಬಿ ತಂದು ಅಂಗಳದಲ್ಲಿ ಕುಳಿತು ತಾನೇ ಬಳಿದದ್ದು. ಪುಸ್ತಕದಲ್ಲಿ ಅದರ ನಮೂದೂ ಇದೆ: 1991, ಬಣ್ಣ ಮತ್ತು ಬ್ರಶ್ಶು, ಮುಂದೆ ರೂಪಾಯಿ. ತುಕ್ಕು ಅಲ್ಲಿಗೆ ಬಂದಿಲ್ಲ, ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಪೂರ್ತಿ ಬಣ್ಣ ಹೊಡೆಸಿದರೆ ಮೊದಲು ಕೆರೆಯುವುದು ಅದನ್ನೇ. ಮಗನಿಗೆ ಬೇಕಾದದ್ದು ತಾನು ಚಿಕ್ಕಂದಿನಲ್ಲಿ ಕಂಡ ಹೊಳೆಯುವ ಕಾರು. ಅದೂ ಸುಳ್ಳಲ್ಲ, ಅವನ ಪಾಲಿಗೆ ಅಪ್ಪ ಎಂದರೆ ಆ ಹೊಳಪು. ದೂರವಾಣಿಯಲ್ಲಿ ಬಹಳ ಹೊತ್ತು ಮಾತನಾಡಿದೆವು. "ನೀವು ಅಪ್ಪನ ಕಾರನ್ನು ಹಳತಾಗಿಯೇ ಇಡಬೇಕೆಂದಿದ್ದೀರಿ" ಎಂದ. ನಾನು ತರ್ಕಿಸಲಿಲ್ಲ. ಕೊನೆಗೆ ಅತ್ತಿಗೆಯನ್ನು ಕೇಳುವುದೆಂದಾಯಿತು. ಅವರು ಕನ್ನಡಕ ಹಾಕಿಕೊಂಡು ಬಂದು ಬಾಗಿಲನ್ನು ನೋಡಿ, "ಅದು ಅವರು ಬಳಿದದ್ದಲ್ವಾ, ಇರಲಿ ಬಿಡು. ನನಗೆ ಕಾಲು ಒದ್ದೆ ಆಗದಿದ್ರೆ ಸಾಕು" ಎಂದು ಒಳಗೆ ಹೋದರು. ಹೊಸ ಬೆಸುಗೆಯಾದ ಸಿಲ್ಲುಗಳಿಗೆ ಮಾತ್ರ ಬಣ್ಣ ಹೊಂದಿಸಿ ಹೊಡೆಸಿದೆ. ಅವನು ಎರಡು ವಾರ ದೂರವಾಣಿ ಮಾಡಲಿಲ್ಲ. ಆಮೇಲೆ ಮಾಡಿದ, ಟೈರಿನ ಖರ್ಚು ತಾನು ಕೊಡುತ್ತೇನೆಂದ. ಒಪ್ಪಿಕೊಂಡೆ.

ಲೆಕ್ಕ ಕೇಳುವವರಿಗಾಗಿ: ತಳ ಮತ್ತು ಸಿಲ್ಲು 58,000, ಬ್ರೇಕು 16,500, ಟೈರುಗಳು 16,000, ಬೆಲ್ಟು ಮತ್ತು ಅದರ ಪಟ್ಟಿಗಳು 7,000, ಹೆಡ್ಡಿನ ಕೆಲಸ 12,500, ಟ್ಯಾಂಕು, ಹೋಸು, ಪಂಪು 4,800, ಇಗ್ನಿಷನ್ 3,700. ಒಟ್ಟು 1,18,500 ರೂಪಾಯಿ. ಮಾರಿದರೆ ಇಷ್ಟು ಬರುತ್ತದೆಯೇ ಎಂದು ಕೇಳಬೇಡಿ, ನಾನು ಮಾರುವ ಲೆಕ್ಕ ಹಾಕಿಲ್ಲ.

ಸರ್ಕಾರದ ಲೆಕ್ಕವೂ ಒಂದಿದೆ. 2023ರಲ್ಲಿ ನೋಂದಣಿ ನವೀಕರಿಸಿದಾಗ ಶುಲ್ಕ 5,000 ರೂಪಾಯಿ ಇತ್ತು. 2025ರ ಆಗಸ್ಟಿನ ಅಧಿಸೂಚನೆಯಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದ್ದಾರೆ; ನಮ್ಮದರ ಸರದಿ 2028ಕ್ಕೆ. 50 ವರ್ಷ ತುಂಬಿದ, ಮೂಲ ಸ್ವರೂಪ ಕೆಡದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರ ನಿಯಮದಲ್ಲಿ ಅವಕಾಶವಿದೆ. 2033ಕ್ಕೆ ಪದ್ಮಿನಿ ಆ ಪದವಿಗೆ ಅರ್ಹಳಾಗುತ್ತಾಳೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆ ಗೌರವ ನಮಗೆ ಬೇಡವೆಂದು ಈಗಲೇ ನಿಶ್ಚಯಿಸಿದ್ದೇವೆ.

ಹಿಂದಿನ ಎಡಬಾಗಿಲಿನ ಗಾಜು ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ಅದರ ರೆಗ್ಯುಲೇಟರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗಬಹುದೆಂದು ಮೇಸ್ತ್ರಿಗಳು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ವಿದ್ಯಾರ್ಥಿಗಳು ಯಾರಾದರೂ ಆ ಕಡೆ ಹೋದರೆ ವಿಚಾರಿಸಿ. ಎಡಬದಿಯದು, ಹಿಂದಿನ ಬಾಗಿಲಿನದು, 1983ರ ಮಾಡೆಲ್ಲು. ಹಳೆಯದಾದರೂ ಸರಿ, ಅದು ಲೋಹದ್ದು.